ಬಾಲ್ ಒಬ್ಬನ ಕೈಯಲ್ಲಿದ್ದರೂ ಓಡಬೇಕಾದದ್ದು ಐವರೂ

ಈ ಸಲ ಬಂದ ಪತ್ರಗಳಲ್ಲಿ ಬಾಸ್ಕೆಟ್‌ಬಾಲಿನದ್ದೇ ಸುದ್ದಿ, ಅದೂ ಕಾಸರಗೋಡು ಕಡೆಯಿಂದ. ಕಬಡ್ಡಿ, ವಾಲಿಬಾಲ್, ಫುಟ್‌ಬಾಲ್ ಎಂದರೆ ಊರಿಗೆ ಊರೇ ಸೇರುವ ಜಿಲ್ಲೆ ಅದು. ಅಲ್ಲಿ ಒಂದು ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕಾಗಿ ಇಷ್ಟು ಜನ ತಲೆಬಿಸಿ ಮಾಡಿಕೊಂಡಿದ್ದಾರೆ ಎಂದು ನೋಡಿ ನಿಜಕ್ಕೂ ಖುಷಿಯಾಯಿತು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: ಸರ್, ನಾನು ಕಾಲೇಜು ಬಿಟ್ಟು ವರ್ಷಗಳಾದರೂ ನಮ್ಮ ಕಾಲೇಜಿನ ಮ್ಯಾಚ್ ಇದೆ ಎಂದರೆ ಕೆಲಸ ಬಿಟ್ಟು ಹೋಗಿ ಕೂರುತ್ತೇನೆ. ಡಿಫೆನ್ಸ್ ಚೆನ್ನಾಗಿದೆ. ರಿಂಗಿಗೆ ತಾಗಿ ಮರಳುವ ಬಾಲ್, ಅಂದರೆ ರಿಬೌಂಡ್ ಕೂಡ ಬಿಡುವುದಿಲ್ಲ. ಆದರೆ ಬಾಲ್ ನಮ್ಮ ಕೈಗೆ ಬಂದ ಕೂಡಲೇ ಆಟ ನಿಂತೇ ಹೋಗುತ್ತದೆ. ಬಾಲ್ ತರುವ ಪಾಯಿಂಟ್ ಗಾರ್ಡ್ ರಿಂಗಿನಿಂದ ದೂರ ನಿಂತು ಬಾಲ್ ಪುಟಿಸುತ್ತಾ ಡ್ರಿಬಲ್ ಮಾಡುತ್ತಾನೆ, ಉಳಿದವರು ನೋಡುತ್ತಾರೆ, ಕಡೆಗೆ ದೂರದಿಂದ ಒಂದು ಎಸೆತ, ಅದೂ ಬೀಳುವುದಿಲ್ಲ. ಹೋದ ವರ್ಷವೂ ಇದೇ ಕತೆ. ನೋಡಿ ನೋಡಿ ಸಾಕಾಗಿದೆ. ಹುಡುಗರಿಗೆ ಶೂಟಿಂಗ್ ಬರುವುದಿಲ್ಲವಾ, ಅಥವಾ ಬೇರೆ ಎಂತದ್ದಾದರೂ ಉಂಟಾ?
— ಹಳೆ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಉತ್ತರವನ್ನು ನೀವೇ ಬರೆದಿದ್ದೀರಿ. 'ಉಳಿದವರು ನೋಡುತ್ತಾರೆ' ಎಂದಿರಲ್ಲ, ರೋಗ ಇರುವುದೇ ಅಲ್ಲಿ. ಶೂಟಿಂಗ್ ಬರುವುದಿಲ್ಲ ಎಂಬುದು ಗ್ಯಾಲರಿಯಲ್ಲಿ ಕೂತವರಿಗೆ ಸುಲಭವಾಗಿ ಕಾಣುವ ತಪ್ಪು, ಅಷ್ಟೆ.

ಮುಂದಿನ ಮ್ಯಾಚಿಗೆ ಹೋದಾಗ ಒಂದು ಕೆಲಸ ಮಾಡಿ. ಐದು ನಿಮಿಷ ಬಾಲನ್ನು ನೋಡಲೇಬೇಡಿ. ಬಾಲ್ ಇಲ್ಲದ ನಾಲ್ವರ ಕಾಲುಗಳನ್ನು ನೋಡಿ. ಬಲಗಡೆ ಮೂಲೆಯಲ್ಲಿರುವ ಹುಡುಗ ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಾನೆ. ಎಡಗಡೆಯವನು ಬಾಲ್ ಕೊಡು ಎಂದು ಕೈ ಚಾಚುತ್ತಾನೆ, ಆದರೆ ನಿಂತ ಜಾಗದಿಂದ ಒಂದು ಹೆಜ್ಜೆ ಕದಲುವುದಿಲ್ಲ, ಅವನ ಮುಂದೆ ಡಿಫೆಂಡರ್ ಆರಾಮಾಗಿ ನಿಂತಿದ್ದಾನೆ. ಉದ್ದದ ಹುಡುಗ ರಿಂಗಿನ ಕೆಳಗೆ ಕೈ ಎತ್ತಿಕೊಂಡು ಕಾಯುತ್ತಾನೆ, ಮೂರು ಸೆಕೆಂಡಿಗಿಂತ ಜಾಸ್ತಿ ಅಲ್ಲಿದ್ದರೆ ರೆಫ್ರಿ ವಿಸಿಲ್ ಊದಿ ಬಾಲ್ ಕಿತ್ತುಕೊಳ್ಳುತ್ತಾರೆ ಎಂಬುದು ಅವನಿಗೆ ಮರೆತೇ ಹೋಗಿದೆ. ನಾಲ್ಕನೆಯವನು ಪಾಸ್ ಕೊಟ್ಟಾಯಿತು, ತನ್ನ ಕೆಲಸ ಮುಗಿಯಿತು ಎಂದು ಅಲ್ಲೇ ನಿಂತಿದ್ದಾನೆ. ಇಷ್ಟರಲ್ಲಿ ಬಾಲ್ ಎಸೆಯಲು ಇರುವ 24 ಸೆಕೆಂಡಿನಲ್ಲಿ ಹದಿನೆಂಟೋ ಇಪ್ಪತ್ತೋ ಹೋಗಿರುತ್ತದೆ. ಈಗ ಗಾಬರಿ. ಎದುರಿನವನ ಕೈ ಮುಖದ ಮೇಲೆ ಇರುವಾಗಲೇ ಒಂದು ಎಸೆತ. ಆ ಎಸೆತ ಯಾರು ಎಸೆದರೂ ಬೀಳುವುದು ಕಷ್ಟ. ಅದೇ ಹುಡುಗನಿಗೆ ಎದುರು ಯಾರೂ ಇಲ್ಲದಾಗ ಬಾಲ್ ಸಿಗಲಿ, ಆಮೇಲೆ ಅವನ ಶೂಟಿಂಗ್ ಬಗ್ಗೆ ಮಾತಾಡೋಣ.

ನಿಂತ ಆಟಗಾರನನ್ನು ಕಾಯುವುದಕ್ಕಿಂತ ಸುಲಭದ ಕೆಲಸ ಈ ಆಟದಲ್ಲಿ ಇನ್ನೊಂದಿಲ್ಲ. ಡಿಫೆಂಡರ್ ಒಂದೇ ನೋಟದಲ್ಲಿ ತನ್ನ ಆಟಗಾರನನ್ನೂ ಬಾಲನ್ನೂ ನೋಡಬಹುದು, ಬೇಕಾದರೆ ಎರಡು ಹೆಜ್ಜೆ ಒಳಗೆ ಬಂದು ಪಕ್ಕದವನಿಗೆ ಸಹಾಯವನ್ನೂ ಮಾಡಬಹುದು. ನಾಲ್ವರೂ ನಿಂತಿದ್ದರೆ ನಿಮ್ಮ ಗಾರ್ಡ್ ಒಬ್ಬನ ಮೇಲೆ ಐವರ ಕಣ್ಣು. ಅವನು ಎಷ್ಟು ಚುರುಕಾಗಿದ್ದರೂ ಎಲ್ಲಿಗೆ ಹೋಗಿಯಾನು? ಆದರೆ ಅವರಲ್ಲಿ ಒಬ್ಬ ಡಿಫೆಂಡರ್‌ನ ಬೆನ್ನ ಹಿಂದಿನಿಂದ ರಿಂಗಿನ ಕಡೆ ಓಡಿದರೆ ಆ ಡಿಫೆಂಡರ್ ಕತ್ತು ತಿರುಗಿಸಲೇಬೇಕು. ಕತ್ತು ತಿರುಗಿದ ಆ ಅರೆ ಸೆಕೆಂಡ್ ಉಂಟಲ್ಲ, ಅಫೆನ್ಸ್ ಎಂದರೆ ಅದನ್ನು ಹುಡುಕುವ ಕೆಲಸವೇ.

ಇನ್ನೊಂದು ವಿಷಯ ಹೇಳಬೇಕು. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈಎಂಸಿಎ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಈ ಆಟಕ್ಕೆ 13 ನಿಯಮ ಬರೆದಾಗ ಡ್ರಿಬಲ್ ಎಂಬುದೇ ಇರಲಿಲ್ಲ. ಬಾಲ್ ಹಿಡಿದವನು ಓಡುವ ಹಾಗಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಅಂದರೆ ಬಾಲ್ ಇಲ್ಲದವರು ಓಡದಿದ್ದರೆ ಆಟವೇ ಇಲ್ಲ. ಡ್ರಿಬಲ್ ಆಮೇಲೆ ಬಂತು. ಇವತ್ತು ನಮ್ಮ ಹುಡುಗರು ಕಲಿಯುವುದೇ ಡ್ರಿಬಲ್‌ನಿಂದ, ಮೊಬೈಲಿನಲ್ಲಿ ನೋಡುವುದೂ ಒಬ್ಬನೇ ನಾಲ್ವರನ್ನು ದಾಟಿ ಹೋಗುವ ತುಣುಕುಗಳನ್ನು. ಆ ತುಣುಕಿನಲ್ಲಿ ಅವನಿಗೆ ದಾರಿ ಬಿಡಿಸಿಕೊಟ್ಟ ಉಳಿದ ನಾಲ್ವರು ಕಾಣುವುದೇ ಇಲ್ಲ.

ಮದ್ದು ಏನು ಎಂದರೆ, ಪಾಸ್ ಕೊಟ್ಟವನು ನಿಲ್ಲಬಾರದು. ಇಷ್ಟೇ. ಪಾಸ್ ಕೊಟ್ಟ ಮೇಲೆ ರಿಂಗಿಗೆ ಕಟ್ ಮಾಡಬೇಕು, ಅಂದರೆ ಆ ಕಡೆ ಚುರುಕಾಗಿ ಓಡಬೇಕು, ಇಲ್ಲವೇ ಇನ್ನೊಬ್ಬ ಜೊತೆಗಾರನಿಗೆ ಸ್ಕ್ರೀನ್ ಹಾಕಲು, ಅಂದರೆ ಅವನ ಡಿಫೆಂಡರ್‌ಗೆ ಅಡ್ಡ ನಿಲ್ಲಲು, ಹೋಗಬೇಕು. ಅವನು ಬಿಟ್ಟ ಜಾಗಕ್ಕೆ ಪಕ್ಕದವನು ಬರಬೇಕು. ಒಬ್ಬರಿಗೊಬ್ಬರು ನಾಲ್ಕೈದು ಮೀಟರ್ ದೂರ ಇರಬೇಕು, ಇಲ್ಲದಿದ್ದರೆ ಒಬ್ಬ ಡಿಫೆಂಡರ್ ಇಬ್ಬರನ್ನು ಕಾಯುತ್ತಾನೆ. ಪ್ರಾಕ್ಟೀಸಿನಲ್ಲಿ ದಿನಾ ಹದಿನೈದು ನಿಮಿಷ ಡ್ರಿಬಲ್ ಇಲ್ಲದೆ ಐದು-ಐದು ಮಂದಿ ಆಡಿಸಲಿ. ಮೊದಲ ಕೆಲವು ದಿನ ನೋಡಲಾಗುವುದಿಲ್ಲ, ಪಾಸೆಲ್ಲ ಎಲ್ಲೆಲ್ಲೋ ಹೋಗುತ್ತದೆ, ಹುಡುಗರು ಬೈದುಕೊಳ್ಳುತ್ತಾರೆ. ಬಿಡಬಾರದು. ಡ್ರಿಬಲ್ ಇಲ್ಲ ಎಂದಾಗ ಬಾಲ್ ಹಿಡಿದವನಿಗೆ ಜೊತೆಗಾರ ಓಡಿ ಬಂದು ಬಿಡಿಸದೆ ಬೇರೆ ದಾರಿ ಇರುವುದಿಲ್ಲ, ಹಾಗಾಗಿ ಕಾಲು ತನ್ನಿಂದ ತಾನೇ ಓಡಲು ಕಲಿಯುತ್ತದೆ.

ಇದರಿಂದ ದೊಡ್ಡ ತಂಡವನ್ನು ಸೋಲಿಸಲು ಆಗುತ್ತದಾ ಎಂದು ನೀವು ಕೇಳಬಹುದು. 1996ರಲ್ಲಿ ಪ್ರಿನ್ಸ್‌ಟನ್ ಎಂಬ ವಿಶ್ವವಿದ್ಯಾಲಯ, ಓದಿಗೆ ಹೆಸರಾದದ್ದು, ಆಟಗಾರರಿಗೆ ಸ್ಕಾಲರ್‌ಶಿಪ್ ಕೊಡದ ಕಡೆ, ಎನ್‌ಸಿಎಎ ಎಂಬ ಅಮೆರಿಕದ ಕಾಲೇಜು ಟೂರ್ನಿಯಲ್ಲಿ ಹಿಂದಿನ ವರ್ಷದ ಚಾಂಪಿಯನ್ ಯುಸಿಎಲ್‌ಎಯನ್ನು 43-41ರಿಂದ ಸೋಲಿಸಿತು. ಕೋಚ್ ಪೀಟ್ ಕ್ಯಾರಿಲ್. ಸ್ಕೋರ್ 41-41 ಇದ್ದಾಗ ಒಬ್ಬ ರಿಂಗಿನ ಕಡೆ ಕಟ್ ಮಾಡಿದ, ಬಾಲ್ ಸಿಗಲಿಲ್ಲ, ಹೊರಗೆ ಬಂದ, ಡಿಫೆಂಡರ್ ಕೂಡ ಅವನ ಜೊತೆ ಹೊರಗೆ ಬಂದ, ಆ ಕ್ಷಣದಲ್ಲಿ ಅವನು ಮತ್ತೆ ಬೆನ್ನ ಹಿಂದಿನಿಂದ ಒಳಗೆ ಓಡಿದ. ಪಾಸ್ ಬಂತು, ರಿಂಗಿನ ಹತ್ತಿರದಿಂದಲೇ ಹಾಕುವ ಲೇಅಪ್ ಬಿತ್ತು, ಗಡಿಯಾರದಲ್ಲಿ ನಾಲ್ಕು ಸೆಕೆಂಡೂ ಉಳಿದಿರಲಿಲ್ಲ. ಮೊದಲ ಸಲ ಬಾಲ್ ಸಿಗದಾಗ ಅವನು ನಿಂತುಬಿಟ್ಟಿದ್ದರೆ? ನಮ್ಮ ಹುಡುಗರು ಸೋಲುವುದು ಅಲ್ಲಿಯೇ. ಒಂದು ಸಲ ಓಡುತ್ತಾರೆ, ಬಾಲ್ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾರೆ, ಎರಡನೇ ಸಲ ಓಡುವುದಿಲ್ಲ.

ಪ್ರಶ್ನೆ: ಅಮೆರಿಕದ ಕಾಲೇಜು ಮ್ಯಾಚ್‌ಗಳನ್ನು ಯೂಟ್ಯೂಬಿನಲ್ಲಿ ನೋಡುತ್ತೇನೆ. ಅಲ್ಲೂ ಕೆಲವು ತಂಡಗಳು ಬಹಳ ನಿಧಾನ ಆಡುತ್ತವೆ, ಅಲ್ಲಿನ ಅಭಿಮಾನಿಗಳೂ ಬೈಯುತ್ತಾರೆ. ನಿಧಾನ ಆಡುವುದೇ ತಪ್ಪಾ?
— ಪದವಿ ವಿದ್ಯಾರ್ಥಿ, ಕುಂಬಳೆ

ಉತ್ತರ: ನಿಧಾನ ಬೇರೆ, ನಿಂತುಹೋಗುವುದು ಬೇರೆ. ಇವೆರಡನ್ನು ಒಂದೇ ಮಾಡಿ ಬೈಯುವುದರಿಂದಲೇ ಎಷ್ಟೋ ತಂಡಗಳಿಗೆ ಅನ್ಯಾಯವಾಗಿದೆ.

ವರ್ಜೀನಿಯಾ ತಂಡವನ್ನು ನೋಡಿ. ಟೋನಿ ಬೆನೆಟ್ ಕೋಚ್ ಆಗಿದ್ದಾಗ ಅಮೆರಿಕದ ಕಾಲೇಜು ತಂಡಗಳಲ್ಲೇ ತುಂಬಾ ನಿಧಾನದ ಆಟ ಅವರದ್ದು. 2018ರ ಟೂರ್ನಿಯಲ್ಲಿ ಮೊದಲ ಶ್ರೇಯಾಂಕದ ಈ ತಂಡ ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಎದುರು 74-54ರಿಂದ ಸೋತಿತು. ಪುರುಷರ ಟೂರ್ನಿಯಲ್ಲಿ ಹಾಗೆ ಆದದ್ದು ಅದೇ ಮೊದಲು. ಆಗ ಎಲ್ಲರೂ ಹೇಳಿದ್ದು ಒಂದೇ, ಇಷ್ಟು ನಿಧಾನ ಆಡಿದರೆ ಹೀಗೇ ಆಗುವುದು ಎಂದು. ಮರುವರ್ಷ, 2019ರಲ್ಲಿ, ಅದೇ ಕೋಚ್, ಅದೇ ನಿಧಾನದ ಆಟ, ಟೆಕ್ಸಸ್ ಟೆಕ್ ಎದುರು ಓವರ್‌ಟೈಮಿನಲ್ಲಿ 85-77ರಿಂದ ಗೆದ್ದು ಚಾಂಪಿಯನ್ ಆದರು. ಅವರು ಶಾಟ್ ತಗೊಳ್ಳಲು ಹೊತ್ತು ಮಾಡುತ್ತಿದ್ದರು ನಿಜ, ಆದರೆ ಅಷ್ಟು ಹೊತ್ತೂ ಸ್ಕ್ರೀನ್ ಮೇಲೆ ಸ್ಕ್ರೀನ್ ಬೀಳುತ್ತಿತ್ತು, ಕಟ್ ಮೇಲೆ ಕಟ್ ನಡೆಯುತ್ತಿತ್ತು. ಎದುರಿನವರಿಗೆ ಸುಸ್ತು. ನಮ್ಮ ತಂಡಗಳಲ್ಲಿ ಅಷ್ಟೇ ಹೊತ್ತು ಹೋಗುತ್ತದೆ, ಎದುರಿನವರಿಗೆ ಮಾತ್ರ ರೆಸ್ಟ್.

ಒಂದು ಮಾತು ನೆನಪಿಡಿ. ಅಲ್ಲಿನ ಕಾಲೇಜು ಪುರುಷರ ಆಟದಲ್ಲಿ ಶಾಟ್ ಕ್ಲಾಕ್, ಅಂದರೆ ಬಾಲ್ ಎಸೆಯಲು ಇರುವ ಗಡುವು, 30 ಸೆಕೆಂಡ್. 1985ರಲ್ಲಿ 45 ಇತ್ತು, ಆಮೇಲೆ 35 ಮಾಡಿದರು, 2015ರಿಂದ 30. ನಮ್ಮಲ್ಲಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ, 24 ಸೆಕೆಂಡ್. ಅದರಲ್ಲೂ ನಿಮ್ಮ ಅರ್ಧ ದಾಟಲು 8 ಸೆಕೆಂಡಿನ ಗಡುವು. ಅದನ್ನು ಪೂರ್ತಿ ತಗೊಂಡರೆ ಉಳಿದದ್ದು 16. ಹಾಗಾಗಿ ಅವರು ಮೊದಲೇ ಯೋಜಿಸಿ ಆಡುವ ಸೆಟ್ ಪ್ಲೇಗಳನ್ನು ನೋಡಿ ಹಾಗೇ ಇಲ್ಲಿ ಆಡಿಸಲು ಹೋದರೆ ಅರ್ಧದಲ್ಲೇ ಹಾರ್ನ್ ಹೊಡೆಯುತ್ತದೆ. ಎಷ್ಟೋ ಕಾಲೇಜು ಗ್ರೌಂಡಿನಲ್ಲಿ ಶಾಟ್ ಕ್ಲಾಕ್ ಯಂತ್ರವೇ ಇರುವುದಿಲ್ಲ, ಪ್ರಾಕ್ಟೀಸಿನಲ್ಲಿ ಹುಡುಗರಿಗೆ ಆ ಒತ್ತಡದ ಅಭ್ಯಾಸವೇ ಆಗುವುದಿಲ್ಲ. ಒಬ್ಬ ಬದಿಯಲ್ಲಿ ನಿಂತು ಮೊಬೈಲ್ ನೋಡಿಕೊಂಡು ಹತ್ತರಿಂದ ಕೆಳಗೆ ಜೋರಾಗಿ ಎಣಿಸಿದರೂ ಸಾಕು, ಅಲ್ವಾ?

24 ಎಂಬ ಲೆಕ್ಕ ಹೇಗೆ ಬಂತು ಎಂದು ಪೆರ್ಲದ ಇನ್ನೊಬ್ಬರೂ ಕೇಳಿದ್ದಾರೆ. 1954ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ ಇದನ್ನು ತಂದವರು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್. ಚೆನ್ನಾಗಿ ಆಡಿದ ಮ್ಯಾಚಿನಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಎಸೆಯುತ್ತವೆ ಎಂದು ಅವರು ನೋಡಿದರು. 48 ನಿಮಿಷ ಎಂದರೆ 2,880 ಸೆಕೆಂಡ್, 120ರಿಂದ ಭಾಗಿಸಿದರೆ 24. ಅದಕ್ಕೆ ನಾಲ್ಕು ವರ್ಷ ಹಿಂದೆ, 1950ರಲ್ಲಿ, ಒಂದು ಎನ್‌ಬಿಎ ಮ್ಯಾಚ್ 19-18ಕ್ಕೆ ಮುಗಿದಿತ್ತು. ಮುಂದೆ ಇದ್ದವರು ಬಾಲ್ ಹಿಡಿದುಕೊಂಡೇ ಕೂರುತ್ತಿದ್ದರು. ಅಂದರೆ ನಿಮ್ಮ ಹಾಗೆ ನೋಡಿ ಸಾಕಾದವರ ಸಿಟ್ಟೇ ಈ ಗಡಿಯಾರವನ್ನು ತಂದದ್ದು.

ಪ್ರಶ್ನೆ: ಎದುರು ತಂಡ ಒಬ್ಬೊಬ್ಬ ಆಟಗಾರನ ಬದಲು ಜಾಗ ಕಾಯುವ 2-3 ಝೋನ್ ಹಾಕಿದರೆ ನಮ್ಮವರು ಪೂರಾ ಕಟ್ಟಿಹೋಗುತ್ತಾರೆ. ಹೊರಗಿಂದ ಹೊರಗೆ ಪಾಸ್, ಮತ್ತೆ ಹೊರಗೆ ಪಾಸ್. ಏನು ಮಾಡುವುದು?
— ಉಪ್ಪಳದಿಂದ ಒಬ್ಬರು

ಉತ್ತರ: ಹೊರಗೆ ಪಾಸ್ ಮಾಡುತ್ತಲೇ ಇದ್ದರೆ ಝೋನಿಗೆ ಅದೇ ಬೇಕಾದದ್ದು. ಮುಂದೆ ಇಬ್ಬರು, ಹಿಂದೆ ಮೂವರು ನಿಂತ ಡಿಫೆನ್ಸಿನಲ್ಲಿ ಸಡಿಲ ಜಾಗ ನಡುವಿನಲ್ಲಿ, ಫ್ರೀ ಥ್ರೋ ಗೆರೆಯ ಹತ್ತಿರ. ಅಲ್ಲಿಗೆ ಒಬ್ಬ ಬರಬೇಕು. ಉದ್ದದವನೇ ಆಗಬೇಕೆಂದಿಲ್ಲ, ಚೆನ್ನಾಗಿ ಪಾಸ್ ಮಾಡುವವನಾಗಬೇಕು. ಅವನ ಕೈಗೆ ಬಾಲ್ ಸಿಕ್ಕಿದ ಕೂಡಲೇ ಹಿಂದಿನ ನಡುವಿನವನು ಮುಂದೆ ಬರುತ್ತಾನೆ, ಆಗ ರಿಂಗಿನ ಹತ್ತಿರ ಒಬ್ಬ, ಮೂಲೆಗಳಲ್ಲಿ ಇಬ್ಬರು ಖಾಲಿ. ಝೋನ್ ಎದುರು ಓಡುವುದೇ ಬೇಡ ಎಂದುಕೊಳ್ಳುವ ತಂಡಗಳು ಜಾಸ್ತಿ. ಅಲ್ಲಿ ಇನ್ನೂ ಹೆಚ್ಚು ಓಡಬೇಕು, ಬೇಸ್‌ಲೈನ್ ಕಡೆಯಿಂದ, ಹಿಂದಿನ ಮೂವರ ಕಣ್ಣಿಗೆ ಬೀಳದ ಹಾಗೆ. ಜಿಮ್ ಬೋಹೈಮ್ ಇದೇ 2-3 ಝೋನನ್ನು ನೆಚ್ಚಿ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ 2003ರಲ್ಲಿ ಚಾಂಪಿಯನ್‌ಶಿಪ್ ತಂದುಕೊಟ್ಟರು. ಅದು ಸುಲಭದ ಗೋಡೆ ಅಲ್ಲ. ಒಂದು ಟೈಮ್‌ಔಟಿನಲ್ಲಿ ಹೇಳಿಕೊಟ್ಟು ಒಡೆಯಲು ಆಗುವುದಿಲ್ಲ, ಮೊದಲೇ ಪ್ರಾಕ್ಟೀಸ್ ಬೇಕು.

ಪ್ರಶ್ನೆ: ನಾನು ನಮ್ಮ ಕಾಲೇಜಿನ ಹುಡುಗಿಯರ ತಂಡದಲ್ಲಿ ಆಡುತ್ತೇನೆ. ಬಾಲ್ ಸಿಕ್ಕಿದ ಕೂಡಲೇ ಬದಿಯಲ್ಲಿ ನಿಂತವರು 'ಶೂಟ್, ಶೂಟ್' ಎಂದು ಬೊಬ್ಬೆ ಹೊಡೆಯುತ್ತಾರೆ. ಪಾಸ್ ಕೊಟ್ಟರೆ 'ಧೈರ್ಯ ಇಲ್ಲ' ಎನ್ನುತ್ತಾರೆ. ಎಸೆದು ತಪ್ಪಿದರೆ ಅದಕ್ಕೂ ಬೈಗುಳ. ಈಗ ಬಾಲ್ ನನ್ನ ಕಡೆ ಬರುವುದೇ ಬೇಡ ಎನ್ನಿಸುತ್ತದೆ. ನಾನು ಏನು ಮಾಡಲಿ?
— ಆಟಗಾರ್ತಿ, ಮಂಜೇಶ್ವರ

ಉತ್ತರ: ತಂಗೀ, ನಿಮ್ಮ ಪತ್ರ ಓದಿ ಬೇಜಾರಾಯಿತು. ಇದನ್ನು ಮೊದಲು ಆ ಬದಿಯಲ್ಲಿ ನಿಂತವರಿಗೆ ಹೇಳುತ್ತೇನೆ. ಮೇಲೆ ಬದಿಯಡ್ಕದವರು ಬರೆದ ಹಾಗೆ ಎಲ್ಲರಿಗೂ ತಂಡ ಗೆಲ್ಲಬೇಕು ಎಂಬ ಆಸೆ, ಅದು ಒಳ್ಳೆಯದೇ. ಆದರೆ ನೀವು 'ಶೂಟ್' ಎಂದು ಕೂಗಿದ ಪ್ರತಿ ಸಲ ಆ ಹುಡುಗಿ ಜೊತೆಗಾರರನ್ನು ನೋಡುವುದು ಬಿಟ್ಟು ನಿಮ್ಮನ್ನು ಕೇಳುತ್ತಾಳೆ. ಅಫೆನ್ಸ್ ನಿಂತುಹೋಗಲು ಅದೂ ಒಂದು ಕಾರಣ. ಯಾರಿಗೂ ಬಾಲ್ ಬೇಡವಾದರೆ ಯಾರೂ ಓಡುವುದಿಲ್ಲ. ಚಪ್ಪಾಳೆ ತಟ್ಟುವುದಿದ್ದರೆ ಒಳ್ಳೆಯ ಕಟ್‌ಗೆ ತಟ್ಟಿ, ಸ್ಕ್ರೀನ್ ಹಾಕಿ ಬಿದ್ದು ಎದ್ದವಳಿಗೆ ತಟ್ಟಿ. ಆ ಸದ್ದು ಕೋರ್ಟಿನೊಳಗೆ ಬೇಗ ತಲುಪುತ್ತದೆ.

ಇನ್ನು ನೀವು. ಬಾಲ್ ಕೈಗೆ ಬಂದ ಮೇಲೆ ಏನು ಮಾಡುವುದು ಎಂದು ಯೋಚಿಸಲು ಹೊರಟರೆ ತಡವಾಗುತ್ತದೆ, ಭಯವೂ ಆಗುವುದು ಆಗಲೇ. ಬಾಲ್ ಬರುವ ಮೊದಲೇ ಒಂದು ಸಲ ರಿಂಗ್ ಕಡೆ ನೋಡಿಡಿ, ನಿಮ್ಮ ಡಿಫೆಂಡರ್ ಎಷ್ಟು ದೂರ ಎಂದು ನೋಡಿಡಿ. ಅವಳು ಒಂದು ಕೈ ದೂರಕ್ಕಿಂತ ಹೆಚ್ಚಿದ್ದರೆ, ಜಾಗ ನೀವು ಪ್ರಾಕ್ಟೀಸ್ ಮಾಡಿದ್ದೇ ಆಗಿದ್ದರೆ, ಎಸೆಯಿರಿ. ತಪ್ಪಿದರೂ ಅದು ಸರಿಯಾದ ಶಾಟೇ. ಮೈಮೇಲೆ ಬಂದಿದ್ದರೆ ಪಾಸ್ ಕೊಟ್ಟು ಅವಳ ಬೆನ್ನ ಹಿಂದೆ ರಿಂಗಿಗೆ ಓಡಿ, ಬಾಲ್ ವಾಪಸ್ ಕೇಳಿ. ಗಿವ್ ಅಂಡ್ ಗೋ ಎನ್ನುವುದು ಇದನ್ನೇ. ಪಾಸ್ ಕೊಟ್ಟವಳಿಗೆ ಧೈರ್ಯ ಇಲ್ಲ ಎನ್ನುವವರು ಈ ಓಟವನ್ನು ನೋಡಲಿ. ಮತ್ತೆ, ಬಾಯಿ ಬಿಟ್ಟು ಮಾತಾಡಿ. ಕಾಸರಗೋಡಿನ ತಂಡ ಎಂದರೆ ಒಬ್ಬಳ ಮನೆಮಾತು ಕನ್ನಡ, ಇನ್ನೊಬ್ಬಳದ್ದು ತುಳು, ಮತ್ತೊಬ್ಬಳದ್ದು ಮಲಯಾಳ, ಬ್ಯಾರಿ ಮಾತಾಡುವವರೂ ಇರುತ್ತಾರೆ. ಸಂಕೋಚದಿಂದ ಎಷ್ಟೋ ತಂಡಗಳು ಕೋರ್ಟಿನಲ್ಲಿ ಮೌನವಾಗಿರುತ್ತವೆ. ಯಾವ ಭಾಷೆಯಾದರೂ ಆಗಲಿ, ಕರೆದರೆ ಸಾಕು, ಹೆಸರು ಕೂಗಿದರೂ ಸಾಕು. ನಿಮ್ಮದೇ ರಾಜ್ಯದ ಕೋಟ್ಟಯಂ ಜಿಲ್ಲೆಯಿಂದ ಬಂದ ಗೀತು ಅನ್ನಾ ಜೋಸ್ ಭಾರತದ ನಾಯಕಿಯಾಗಿ ಆಡಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕೇರಳದ ಹುಡುಗಿಯರ ಬಾಸ್ಕೆಟ್‌ಬಾಲ್ ಎಂದರೆ ದೇಶದಲ್ಲಿ ಮರ್ಯಾದೆ ಉಂಟು. ನೀವು ಆಡುತ್ತಿರುವುದು ಆ ರಾಜ್ಯದಲ್ಲಿ. ಬಾಲ್ ಬೇಡ ಎನ್ನಬೇಡಿ.

ಪ್ರಶ್ನೆ: ಕೋಚ್ ಬದಲಾಯಿಸಿದರೆ ಎಲ್ಲ ಸರಿಯಾಗುತ್ತದಾ?
— ಹೊಸಂಗಡಿ

ಉತ್ತರ: ಹೆಚ್ಚಿನ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲಿಗೆ ಬೇರೆ ಕೋಚ್ ಇರುವುದೇ ಇಲ್ಲ. ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲಕ್ಕೂ ದೈಹಿಕ ಶಿಕ್ಷಣದ ಮೇಷ್ಟ್ರು ಒಬ್ಬರೇ. ಅವರನ್ನು ಬೈದು ಏನೂ ಪ್ರಯೋಜನವಿಲ್ಲ. ಊರಲ್ಲಿ ಹಿಂದೆ ಯೂನಿವರ್ಸಿಟಿ ತಂಡಕ್ಕೆ ಆಡಿದವರು ಯಾರಾದರೂ ಇದ್ದೇ ಇರುತ್ತಾರೆ. ವಾರಕ್ಕೆ ಎರಡು ಸಂಜೆ ಬನ್ನಿ ಎಂದು ಅವರನ್ನು ಕರೆಯಿರಿ, ಮೇಷ್ಟ್ರ ಒಪ್ಪಿಗೆ ಕೇಳಿಯೇ ಕರೆಯಿರಿ. ಆದರೆ ಬೇರೆ ಕೋಚ್ ಇದ್ದೂ ವರ್ಷಗಟ್ಟಲೆ ಒಬ್ಬನ ಕೈಗೇ ಬಾಲ್ ಕೊಟ್ಟು ಆಡಿಸುತ್ತಿದ್ದರೆ, ಆಗ ಪ್ರಶ್ನೆ ಕೇಳುವ ಹಕ್ಕು ಹಳೆ ವಿದ್ಯಾರ್ಥಿಗಳಿಗೂ ಇದೆ, ಕಾಲೇಜಿಗೆ ಬರೆದು ಕೇಳಿ.

ಪ್ರಶ್ನೆ: ನಮ್ಮದು ಬಯಲಿನ ಸಿಮೆಂಟ್ ಕೋರ್ಟ್. ಜೂನ್‌ನಿಂದ ಮಳೆ ಹಿಡಿದರೆ ಪಾಚಿ ಕಟ್ಟಿ ಕಾಲಿಡಲು ಆಗುವುದಿಲ್ಲ. ಮಳೆ ಬಿಟ್ಟು ಸ್ವಲ್ಪ ದಿನಕ್ಕೇ ಕಣ್ಣೂರು ಯೂನಿವರ್ಸಿಟಿ ಇಂಟರ್ ಕಾಲೇಜು ಮ್ಯಾಚ್ ಬಂದರೆ ಪ್ರಾಕ್ಟೀಸ್ ಎಲ್ಲಿ ಮಾಡುವುದು? ಒಳಾಂಗಣ ಇರುವ ಕಾಲೇಜುಗಳ ಎದುರು ಹೇಗೆ ಆಡುವುದು?
— ತಂಡದ ಕ್ಯಾಪ್ಟನ್, ಮುಳ್ಳೇರಿಯ

ಉತ್ತರ: ಇದು ನಿಜವಾದ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸುರಿಯುವ ಮಳೆ ನೋಡಿದವರಿಗೆ ಗೊತ್ತು. ಜಿಲ್ಲೆಯಲ್ಲಿ ಇನ್ನೊಂದೆರಡು ಕಡೆಯಾದರೂ ಮಾಡು ಇರುವ ಕೋರ್ಟ್ ಆಗಬೇಕು, ಅದನ್ನು ಕೇಳುತ್ತಲೇ ಇರಬೇಕು.

ಆದರೆ ನಿಮ್ಮ ತಂಡದ ಕೊರತೆ ಶೂಟಿಂಗ್ ಅಲ್ಲ, ಚಲನೆ ಎಂದು ನೀವೇ ಪತ್ರದ ಇನ್ನೊಂದು ಪುಟದಲ್ಲಿ ಬರೆದಿದ್ದೀರಿ. ಅದನ್ನು ಕಲಿಯಲು ರಿಂಗ್ ಬೇಡ. ಕಾಲೇಜಿನ ಪೋರ್ಟಿಕೊ, ಉದ್ದನೆಯ ವೆರಾಂಡ, ಕ್ಲಾಸ್ ಇಲ್ಲದ ಹೊತ್ತಿನಲ್ಲಿ ಆಡಿಟೋರಿಯಂ, ಯಾವುದಾದರೂ ಸಾಕು. ಗೋಡೆಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಅದೇ ರಿಂಗ್ ಎಂದುಕೊಳ್ಳಿ. ಮೊದಲು ಮೂವರು ಮೂವರು ಆಡಿ, ಡ್ರಿಬಲ್ ಇಲ್ಲ, ಪಾಸ್ ಕೊಟ್ಟವನು ಗುರುತಿನ ಕಡೆ ಓಡಲೇಬೇಕು, ನಿಂತರೆ ಬಾಲ್ ಎದುರು ತಂಡಕ್ಕೆ. ಗುರುತಿನ ಹತ್ತಿರ ಓಡುವಾಗಲೇ ಬಾಲ್ ಹಿಡಿದರೆ ಒಂದು ಪಾಯಿಂಟ್. ಟೈಲ್ಸ್ ಹಾಕಿದ ನೆಲ ಒದ್ದೆಯಿದ್ದರೆ ಮಾತ್ರ ಬೇಡ, ಮೊಣಕಾಲು ಹೋದರೆ ವರ್ಷವೇ ಹೋಯಿತು.

ಮಳೆಯಲ್ಲೇ ಒಂದು ಒಲಿಂಪಿಕ್ಸ್ ಫೈನಲ್ ನಡೆದದ್ದು ನಿಮಗೆ ಗೊತ್ತಾ? 1936ರ ಬರ್ಲಿನ್‌ನಲ್ಲಿ, ಒಲಿಂಪಿಕ್ಸಿಗೆ ಬಾಸ್ಕೆಟ್‌ಬಾಲ್ ಬಂದ ಮೊದಲ ವರ್ಷ, ಬಯಲಿನ ಮಣ್ಣಿನ ಟೆನಿಸ್ ಕೋರ್ಟಿನಲ್ಲಿ ಆಡಿಸಿದರು. ಕೋರ್ಟೆಲ್ಲ ಕೆಸರು, ಬಾಲ್ ಪುಟಿಯುವುದೇ ಇಲ್ಲ, ಡ್ರಿಬಲ್ ಮಾಡುವ ಮಾತೇ ಇಲ್ಲ. ಅಮೆರಿಕ ಕೆನಡಾವನ್ನು 19-8ರಿಂದ ಸೋಲಿಸಿತು.

ಇನ್ನೊಂದು ಕೆಲಸ. ಮಳೆ ಬಿಟ್ಟ ಮೇಲೆ ಮೊದಲ ಪ್ರಾಕ್ಟೀಸ್ ಮ್ಯಾಚಿನಲ್ಲಿ ಹೊರಗೆ ಕೂತ ಆಟಗಾರರಲ್ಲಿ ಒಬ್ಬನ ಕೈಗೆ ನೋಟ್ ಬುಕ್ ಕೊಡಿ. ಬಾಲ್ ನಮ್ಮ ಕೈಗೆ ಬಂದ ಪ್ರತಿ ಸಲಕ್ಕೂ ಅವನು ಮೂರೇ ಬರೆಯಲಿ: ಶಾಟಿಗೆ ಮೊದಲು ಎಷ್ಟು ಪಾಸ್, ಎಸೆದಾಗ ಎದುರು ಕೈ ಇತ್ತಾ ಇಲ್ಲವಾ, ಬಾಲ್ ಕಳೆದುಕೊಂಡೆವಾ. ಯಾರು ಎಷ್ಟು ಪಾಯಿಂಟ್ ಹೊಡೆದರು ಎಂದು ಬರೆಯುವುದು ಬೇಡ. ಮ್ಯಾಚ್ ಮುಗಿದ ಮೇಲೆ ಎಲ್ಲರೂ ಕೂತು ಅದನ್ನು ಓದಿ. ಎದುರು ಕೈ ಇಲ್ಲದ ಶಾಟುಗಳು ಹೆಚ್ಚಾಗಿ ಯಾವುದರಿಂದ ಬಂದವು, ಒಬ್ಬನೇ ಡ್ರಿಬಲ್ ಮಾಡಿದ್ದರಿಂದಲಾ, ಕಟ್ ಮತ್ತು ಪಾಸಿನಿಂದಲಾ ಎಂದು ಹುಡುಗರೇ ಹೇಳಲಿ. ನಾನೋ ಮೇಷ್ಟ್ರೋ ಹೇಳುವುದಕ್ಕಿಂತ ಅದು ಅವರ ತಲೆಗೆ ಬೇಗ ಹೋಗುತ್ತದೆ. ಆ ಪುಟದ ಫೋಟೋ ತೆಗೆದು ನನಗೂ ಕಳಿಸಿ, ಮುಂದಿನ ಕಂತಿನಲ್ಲಿ ನಿಮ್ಮ ತಂಡದ ಲೆಕ್ಕವನ್ನೇ ಇಟ್ಟುಕೊಂಡು ಮಾತಾಡೋಣ.